ಯಾರು ಎಲ್ಲಿ ಕೂರಬೇಕು?

ಜೂನ್ ಮೊದಲ ವಾರವೇ ಸೀಟಿಂಗ್ ಚಾರ್ಟ್ ಮಾಡಲು ಹೋಗಬೇಡಿ. ಒಂದು ವಾರ ಮಕ್ಕಳು ಬೇಕಾದ ಕಡೆ ಕೂರಲಿ, ನೀವು ಸುಮ್ನೆ ಗಮನಿಸಿ. ಯಾರು ಕಣ್ಣು ಕಿರಿದು ಮಾಡಿ ಬೋರ್ಡ್ ನೋಡುತ್ತಾರೆ, ಯಾರು ಪಕ್ಕದವರ ನೋಟ್‌ಬುಕ್ ನೋಡಿಯೇ ಬರೆದುಕೊಳ್ಳುತ್ತಾರೆ ಅನ್ನೋದು ಆಗಲೇ ಗೊತ್ತಾಗುತ್ತದೆ.

ಆಮೇಲೆ ಹಾಳೆಯಲ್ಲಿ ಬೆಂಚು, ಬಾಗಿಲು, ಕಿಟಕಿ ಬರೆಯಿರಿ. ಹೆಸರುಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಹೇಗೂ ಅಳಿಸಬೇಕಾಗುತ್ತದೆ. ಕಣ್ಣು, ಕಿವಿಯ ತೊಂದರೆ ಇರುವವರಿಗೆ ಮೊದಲು ಮುಂದಿನ ಜಾಗ ಕೊಡಿ. ನಮ್ಮ ಕ್ಲಾಸಿನ ಕಿಟಕಿ ಮೇನ್ ರೋಡಿಗಿದೆ, ಆಟೋ ಹಾರ್ನ್ ಶುರುವಾದರೆ ಕಿಟಕಿ ಪಕ್ಕದ ಸಾಲಿಗೆ ನನ್ನ ಮಾತೇ ಕೇಳಿಸಲ್ಲ, ಹಾಗಾಗಿ ಕಿವಿಯ ತೊಂದರೆ ಇರುವವರನ್ನು ಅಲ್ಲಿ ಕೂರಿಸಲ್ಲ.

ಬೆಂಗಳೂರಲ್ಲಿ ಮನೆಮಾತೂ ಲೆಕ್ಕಕ್ಕೆ ಬರುತ್ತದೆ. ತಮಿಳೋ ಉರ್ದುವೋ ಮಾತಾಡುವ, ಕನ್ನಡ ಈಗಷ್ಟೇ ಕಲಿಯುತ್ತಿರುವ ಮಗುವನ್ನು ಮೂವರ ಬೆಂಚಿನ ನಡುವೆ ಕೂರಿಸಿ. ಒಂದು ಪಕ್ಕ ಅದೇ ಭಾಷೆಯವರು, ಇನ್ನೊಂದು ಪಕ್ಕ ಕನ್ನಡದಲ್ಲಿ ವಟವಟ ಅನ್ನುವವರು.

ಮಾತುಗಾರರನ್ನು ದೂರ ಮಾಡಿದರೆ ಸಾಕು ಅಂದುಕೊಂಡಿರಾ? ಹೋದ ವರ್ಷ ಇಬ್ಬರನ್ನು ಎರಡು ಮೂಲೆಗೆ ಹಾಕಿದೆ, ನಡುವಿನ ನಾಲ್ಕು ಬೆಂಚೂ ಅವರ ಚೀಟಿ ಸಾಗಿಸುವ ಪೋಸ್ಟ್ ಆಫೀಸ್ ಆಯಿತು! ಇಬ್ಬರನ್ನೂ ಒಂದೇ ಸಾಲಿನಲ್ಲಿ ಹಿಂದೆ ಮುಂದೆ ಕೂರಿಸಿದ ಮೇಲೆ ಸ್ವಲ್ಪ ತಣ್ಣಗಾದರು.

ತಿಂಗಳಿಗೊಮ್ಮೆ ಸಾಲು ಬದಲಿಸಿ. ಚಾರ್ಟಿನ ಒಂದು ಪ್ರತಿ ಹಾಜರಿ ಪುಸ್ತಕದೊಳಗೆ ಇಡಿ, ನೀವು ರಜೆ ಹಾಕಿದ ದಿನ ಬರುವ ಟೀಚರ್‌ಗೆ ಬೇಕಾಗುತ್ತದೆ.