ನರುಲಿ, ಗಂಟು, ಮಚ್ಚೆ: ಗುರುತಿಸುವ ಬಗೆ, ತೆಗೆಸುವ ಬಗೆ

ಮೈಸೂರು, ಮಂಡ್ಯ ಸೀಮೆಯಲ್ಲಿ ಕತ್ತಿನ ಮೇಲೆ ಎಳ್ಳುಕಾಳಿನಂತೆ ಜೋತಾಡುವ ಮೆತ್ತನೆಯ ಚರ್ಮಕ್ಕೂ, ಬೆರಳಿನ ಮೇಲೆ ಒರಟಾಗಿ ಏಳುವ ಗಡಸು ಗಂಟಿಗೂ ನರುಲಿ ಎಂಬ ಒಂದೇ ಹೆಸರಿದೆ. ಕೆಲವರು ನರಹುಲಿ ಎನ್ನುತ್ತಾರೆ. ಹೆಸರು ಒಂದಾದರೂ ಇವು ಎರಡು ಬೇರೆ ಬೇರೆ ವಸ್ತುಗಳು. ಮೊದಲನೆಯದು ಯಾರಿಗೂ ಅಂಟುವುದಿಲ್ಲ, ಎರಡನೆಯದು ವೈರಸ್‌ನಿಂದ ಬರುತ್ತದೆ ಮತ್ತು ಅಂಟುತ್ತದೆ. ಎರಡನೆಯದಕ್ಕೆಂದು ಮಾಡಿದ ಆಸಿಡ್ ಔಷಧಿಯನ್ನು ಮೊದಲನೆಯದಕ್ಕೆ ಹಚ್ಚಿದರೆ ಸುತ್ತಲಿನ ಒಳ್ಳೆಯ ಚರ್ಮ ಸುಟ್ಟು ಕಲೆಯಾಗುತ್ತದೆ. ಆದ್ದರಿಂದ ಮೆಡಿಕಲ್ ಸ್ಟೋರಿನಲ್ಲಿ ‘ನರುಲಿಗೆ ಏನಾದರೂ ಕೊಡಿ’ ಎಂದು ಕೇಳುವ ಮೊದಲು, ನಮ್ಮ ಮೈಮೇಲಿರುವುದು ಯಾವುದೆಂದು ತಿಳಿದುಕೊಳ್ಳಬೇಕು.

ಜೋತಾಡುವ ನರುಲಿಯನ್ನು ವೈದ್ಯರು ಸ್ಕಿನ್ ಟ್ಯಾಗ್ ಎನ್ನುತ್ತಾರೆ. ಅದು ಮೆತ್ತಗಿರುತ್ತದೆ, ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ, ಮೈಬಣ್ಣದ್ದೋ ತುಸು ಕಪ್ಪಗಿನದೋ ಆಗಿರುತ್ತದೆ, ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಗಾತ್ರದಲ್ಲಿರುತ್ತದೆ. ಕತ್ತು, ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಕಣ್ಣಿನ ರೆಪ್ಪೆ, ಹೀಗೆ ಚರ್ಮಕ್ಕೆ ಚರ್ಮವೋ, ಮಾಂಗಲ್ಯದ ಸರವೋ, ಅಂಗಿಯ ಕಾಲರೋ ಉಜ್ಜುವ ಕಡೆ ಹೆಚ್ಚು. ಗರ್ಭಿಣಿಯರಲ್ಲಿಯೂ ಮೈಭಾರ ಹೆಚ್ಚಿದವರಲ್ಲಿಯೂ ಇವು ಮೂಡುವುದುಂಟು. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇಲ್ಲಿದೆ. ಇಂಥ ನರುಲಿಗಳು ಹತ್ತಾರು ಇದ್ದು, ಜೊತೆಗೆ ಕತ್ತಿನ ಹಿಂಭಾಗ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ, ಅದು ಕೊಳೆಯಲ್ಲ, ಕಡಲೆಹಿಟ್ಟು ಹಾಕಿ ಎಷ್ಟು ತಿಕ್ಕಿದರೂ ಹೋಗುವಂಥದ್ದಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ನರುಲಿ ತೆಗೆಸುವುದಕ್ಕಿಂತ ಮೊದಲು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಗಡಸು ನರುಲಿಗೆ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರ ಮೇಲ್ಮೈ ಹೂಕೋಸಿನಂತೆ ಒರಟು; ಹತ್ತಿರದಿಂದ ನೋಡಿದರೆ ಒಳಗೆ ಕಪ್ಪು ಚುಕ್ಕೆಗಳು ಕಾಣಬಹುದು, ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಅಂಗಾಲಿನಲ್ಲಿ ಬಂದಾಗ ಇದನ್ನು ಆಣಿ ಎಂದು ತಪ್ಪು ತಿಳಿಯುವವರೇ ಹೆಚ್ಚು, ಅದರಲ್ಲಿಯೂ ಗದ್ದೆ ಬದುವಿನಲ್ಲಿ ಬರಿಗಾಲಲ್ಲಿ ಓಡಾಡುವವರು. ಇವೆರಡನ್ನು ಬೇರ್ಪಡಿಸಲು ಸುಲಭವಾದ ದಾರಿಯಿದೆ. ನೇರವಾಗಿ ಅದುಮಿದಾಗ ಹೆಚ್ಚು ನೋವಾದರೆ ಅದು ಆಣಿಯಾಗಿರುವ ಸಂಭವ ಹೆಚ್ಚು. ಎರಡೂ ಬದಿಯಿಂದ ಚಿವುಟಿದಾಗ ಹೆಚ್ಚು ನೋವಾದರೆ ನರುಲಿ. ಅಂಗಾಲಿನ ಚರ್ಮದ ಗೆರೆಗಳು ಆಣಿಯ ಮೇಲೆ ಹಾದುಹೋಗುತ್ತವೆ, ನರುಲಿಯ ಅಂಚಿಗೆ ಬಂದು ನಿಂತುಬಿಡುತ್ತವೆ.

ಉಳಿದವನ್ನು ಚುಟುಕಾಗಿ ಹೇಳಬಹುದು. ಕೆನ್ನೆಯ ಮೇಲೆ ವಯಸ್ಸಾದಂತೆ ಹೆಚ್ಚುವ ಕರಿಸಾಸಿವೆಯಂಥ ಚುಕ್ಕೆಗಳೂ, ನಡುವಯಸ್ಸಿನ ನಂತರ ಬೆನ್ನು ಎದೆಗಳ ಮೇಲೆ ಮೇಣ ಮೆತ್ತಿದಂತೆ ಕಾಣುವ ಕಂದು ದಪ್ಪಗಳೂ ನಿರಪಾಯಕಾರಿ. ಚರ್ಮದಡಿಯಲ್ಲಿ ಬೆರಳಿಗೆ ಜಾರುವ ಮೆತ್ತನೆಯ ಗಂಟು ಸಾಮಾನ್ಯವಾಗಿ ಕೊಬ್ಬಿನದು. ಆದರೆ ಅದು 5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ ಅಥವಾ ನೋಯುತ್ತಿದ್ದರೆ ತೋರಿಸಲೇಬೇಕು. ನಡುವೆ ಕಪ್ಪು ರಂಧ್ರವಿರುವ ಗಂಟನ್ನು ಹಿಸುಕಬಾರದು, ಒಳಗಿನ ಚೀಲ ಒಡೆದರೆ ಕೀವಾಗುತ್ತದೆ, ಚೀಲವನ್ನು ಪೂರ್ತಿ ತೆಗೆಯದಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ.

ನಮ್ಮ ಹಳ್ಳಿಗಳಲ್ಲಿ ನರುಲಿಗೆ ಕುದುರೆ ಬಾಲದ ಕೂದಲು ಕಟ್ಟುವುದು, ಸುಣ್ಣ ಹಚ್ಚುವುದು, ಎಕ್ಕದ ಹಾಲು ಬಿಡುವುದು ಇವತ್ತಿಗೂ ಇದೆ. ಕೂದಲು ಬಿಗಿದಾಗ ರಕ್ತ ಹರಿಯದೆ ನರುಲಿ ಒಣಗಿ ಬೀಳುತ್ತದೆ ಎಂಬುದು ನಿಜ. ಆದರೆ ಅದು ಸ್ವಚ್ಛವಾದ ಕ್ರಮವಲ್ಲ. ಸಕ್ಕರೆ ಕಾಯಿಲೆಯಿದ್ದ ನಮ್ಮ ತಾಯಿಯವರು ಕಂಕುಳಿನ ನರುಲಿಗೆ ದಾರ ಕಟ್ಟಿಕೊಂಡು, ಅದು ಕೊಳೆತು ಕೀವಾಗಿ, ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಅವರು ಪಟ್ಟ ನೋವನ್ನು ಕಣ್ಣಾರೆ ಕಂಡದ್ದರಿಂದಲೇ ಇದನ್ನು ಬೇಡವೆನ್ನುತ್ತಿದ್ದೇನೆ. ಸುಣ್ಣ ಚರ್ಮವನ್ನು ಸುಡುತ್ತದೆ, ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಉಪ್ಪು ಮೆಣಸಿನ ಹರಕೆ ಹೊತ್ತವರ ಮಕ್ಕಳಿಗೆ ವಾಸಿಯಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ, ಏಕೆಂದರೆ ಮಕ್ಕಳ ವೈರಸ್ ನರುಲಿಗಳಲ್ಲಿ ಬಹುಪಾಲು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಹರಕೆಯಿಂದ ಮೈಗೆ ಗಾಯವೂ ಆಗುವುದಿಲ್ಲ.

ಕೈಕಾಲಿನ ಗಡಸು ನರುಲಿಗೆ ಮನೆಯಲ್ಲಿಯೇ ಮಾಡಬಹುದಾದದ್ದು ಸ್ಯಾಲಿಸಿಲಿಕ್ ಆಸಿಡ್ ಔಷಧಿ. ರಾತ್ರಿ ಆ ಭಾಗವನ್ನು ಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ನೆನೆಸಿ, ಮೆತ್ತಗಾದ ಮೇಲ್ಪದರವನ್ನು ಹಿಮ್ಮಡಿ ಉಜ್ಜುವ ಕಲ್ಲಿನಿಂದ ರಕ್ತ ಬಾರದಂತೆ ಉಜ್ಜಬೇಕು. ಆ ಕಲ್ಲನ್ನು ಬೇರೆ ಯಾರೂ ಬಳಸಕೂಡದು. ಸುತ್ತಲಿನ ಚರ್ಮಕ್ಕೆ ವ್ಯಾಸಲಿನ್ ಸವರಿ, ನರುಲಿಯ ಮೇಲಷ್ಟೇ ಔಷಧಿ ಹಚ್ಚಿ ಒಣಗಲು ಬಿಡಬೇಕು. ಇದನ್ನು ದಿನವೂ, 12 ವಾರಗಳವರೆಗೆ ಮಾಡಬೇಕಾಗಬಹುದು. ಹದಿನೈದು ದಿನಕ್ಕೆ ಬೇಸತ್ತು ಬಿಡುವುದರಿಂದಲೇ ಅನೇಕರಿಗೆ ಔಷಧಿ ಫಲ ಕೊಡುವುದಿಲ್ಲ. ಮುಖಕ್ಕೆ, ಗುಪ್ತಾಂಗಕ್ಕೆ, ಮಚ್ಚೆಗೆ ಇದನ್ನು ಹಚ್ಚಕೂಡದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಜೋತಾಡುವ ನರುಲಿ ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ಸರಕ್ಕೆ ಸಿಕ್ಕಿ ರಕ್ತ ಬರುತ್ತಿದ್ದರೆ ಅಥವಾ ನೋಡಲು ಬೇಸರವಾಗಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಥವಾ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಮರಗಟ್ಟಿಸುವ ಮುಲಾಮು ಅಥವಾ ಇಂಜೆಕ್ಷನ್ ಕೊಟ್ಟು ಕತ್ತರಿಯಿಂದ ಕತ್ತರಿಸುವುದು, ವಿದ್ಯುತ್ ಶಾಖದಿಂದ ಸುಡುವುದು, ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸುವುದು ಬಳಕೆಯಲ್ಲಿರುವ ಕ್ರಮಗಳು. ನಮ್ಮ ಕಂದು ಚರ್ಮದಲ್ಲಿ ಸುಟ್ಟ ಜಾಗ ಕೆಲವು ತಿಂಗಳು ಕಪ್ಪಾಗಿ ಉಳಿಯಬಹುದು, ನೈಟ್ರೋಜನ್ ತಾಗಿದ ಜಾಗ ಬೆಳ್ಳಗಾಗಬಹುದು. ಮುಖದ ಮೇಲೆ ತೆಗೆಸುವವರು ಇದನ್ನು ಮೊದಲೇ ವೈದ್ಯರೊಡನೆ ಮಾತನಾಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಬೇಕು. ರೆಪ್ಪೆಯ ಅಂಚಿನಲ್ಲಿರುವುದನ್ನು ಕಣ್ಣಿನ ವೈದ್ಯರಲ್ಲಿ ತೆಗೆಸುವುದೇ ಸರಿ. ನಂತರ ಕಟ್ಟಿದ ಹೆಕ್ಕಳೆಯನ್ನು ಕೀಳದೆ, ವ್ಯಾಸಲಿನ್ ಸವರಿ, ತಾನಾಗಿ ಉದುರುವವರೆಗೆ ಕಾಯಬೇಕು.

ಮಚ್ಚೆಯ ವಿಷಯದಲ್ಲಿ ಮಾತ್ರ ಮನೆಮದ್ದೂ ಬೇಡ, ಬ್ಯೂಟಿ ಪಾರ್ಲರೂ ಬೇಡ. ಒಂದು ಅರ್ಧ ಇನ್ನೊಂದರಂತಿಲ್ಲದಿರುವುದು, ಅಂಚು ಒಡೆದಂತಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳು, 6 ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ಇತ್ತೀಚಿನ ಬದಲಾವಣೆ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಚರ್ಮವೈದ್ಯರಿಗೆ ತೋರಿಸಬೇಕು. ನಮ್ಮಂಥ ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಕ್ಯಾನ್ಸರ್ ಅಪರೂಪ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನಡಿ, ಹೀಗೆ ಯಾರೂ ಗಮನಿಸದ ಕಡೆ ಬರುವುದೇ ಹೆಚ್ಚು. ವಾಸಿಯಾಗದೆ ಮತ್ತೆ ಮತ್ತೆ ರಕ್ತ ಒಸರುವ ಹುಣ್ಣನ್ನೂ ಹೀಗೆಯೇ ತೋರಿಸಬೇಕು. ಇಂಥ ಅನುಮಾನವಿದ್ದಾಗ ಗಂಟನ್ನು ಸುಟ್ಟುಬಿಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಕತ್ತರಿಸಿ ತೆಗೆದ ತುಣುಕನ್ನು ಬಯಾಪ್ಸಿಗೆ ಕಳುಹಿಸುತ್ತೀರಾ ಎಂದು ವೈದ್ಯರನ್ನು ಕೇಳಿ, ಅದರ ವರದಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.