ಹೆತ್ತವರ ಕಾಲಂ ಖಾಲಿ ಇದ್ರೂ ಜನನ ಪ್ರಮಾಣ ಪತ್ರ ಬರತ್ತೆ: ನನ್ನ ಅನುಭವ

ಹೆತ್ತವರು ಪತ್ತೆ ಇಲ್ಲದ ಮಕ್ಕಳಿಗೆ ಅಪ್ಪ ಅಮ್ಮನ ಹೆಸರಿಲ್ಲದೆ ಬರ್ತ್ ಸರ್ಟಿಫಿಕೇಟ್ ಆಗಲ್ಲ, ಸುಮ್ನೆ ಅಲೀಬೇಡ ಅಂತ ನಂಗೆ ಹೇಳಿದ್ದು ಹೊರಗಿನವರಲ್ಲ, ಬಾಲಮಂದಿರಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸೀನಿಯರ್‌ಗಳೇ. ಈಗ ಇಂಥ ಮಕ್ಕಳನ್ನ ನೋಡ್ಕೊಳ್ಳೋ ನಮ್ಮ ಸಂಸ್ಥೆ ಬೀರುವಲ್ಲಿ ಸುಮಾರು ಮೂವತ್ತು ಮಕ್ಕಳ ಸರ್ಟಿಫಿಕೇಟ್ ಇದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆತ್ತವರ ಕಾಲಂ ಖಾಲಿ ಇರೋವೇ. ನಮ್ಮ ಸುತ್ತಮುತ್ತ ಇಷ್ಟು ಮಾಡ್ಸಿದವರು ಬೇರೆ ಯಾರೂ ನಂಗೆ ಗೊತ್ತಿಲ್ಲ. ಮಕ್ಕಳ ಕಲ್ಯಾಣ ಸಮಿತಿ (ಇಂಥ ಮಕ್ಕಳ ಬಗ್ಗೆ ಆದೇಶ ಮಾಡೋ ಜಿಲ್ಲಾ ಸಮಿತಿ), ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94 (ವಯಸ್ಸು ನಿರ್ಧರಿಸೋದು), ನಮೂನೆ 1 (ಜನನ ವರದಿ ಫಾರಂ) ಇವುಗಳ ಬಗ್ಗೆ ವಿವರವಾಗಿ ಬರೆಯಲ್ಲ.

ಹಸುಗೂಸುಗಳದ್ದು ನಿಜಕ್ಕೂ ಸುಲಭ, ಆದ್ರೆ ಯಾರೂ ಮಾಡಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 8ನೇ ಸೆಕ್ಷನ್ನಲ್ಲೇ ಇದೆ, ಸಾರ್ವಜನಿಕ ಜಾಗದಲ್ಲಿ ಬಿಟ್ಟುಹೋದ ನವಜಾತ ಶಿಶು ಸಿಕ್ರೆ ಹಳ್ಳಿಯಲ್ಲಾದ್ರೆ ಗ್ರಾಮದ ಅಧಿಕಾರಿ, ಬೇರೆ ಕಡೆ ಆದ್ರೆ ಠಾಣಾಧಿಕಾರಿ ಮಾಹಿತಿ ಕೊಡ್ಬೇಕು ಅಂತ. ಠಾಣೆಯವರು ಎಫ್‌ಐಆರ್ ಮಾಡಿ ಮಗು ಕೊಟ್ಟು ಹೋಗ್ತಾರೆ, ನೋಂದಣಿ ಕೆಲಸ ತಮ್ಮದು ಅಂತ ಅವರ ತಲೆಗೂ ಬಂದಿರಲ್ಲ. ನಾನು ಫಾರಂ ತುಂಬಿ ರೆಡಿ ಇಟ್ಕೊಂಡು ಮಗು ತಂದ ದಿನಾನೇ ಸಹಿ ಹಾಕಿಸ್ತೀನಿ. 21 ದಿನದ ಒಳಗೆ ಆದ್ರೆ ಖರ್ಚು ಜೆರಾಕ್ಸ್ ದುಡ್ಡು ಅಷ್ಟೇ.

ಒದ್ದಾಡಿದ್ದು ದೊಡ್ಡ ಮಕ್ಕಳ ವಿಷಯದಲ್ಲಿ. ವರ್ಷ ದಾಟಿದ ಕೇಸು ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗ್ಬೇಕಿತ್ತು. ಮೊದಲ ಮಗುಗೆ ಪ್ರೈವೇಟ್ ವಕೀಲರನ್ನ ಹಿಡಿದ್ವಿ, ಫೀಸು ಐದಾರು ಸಾವಿರ, ಪೇಪರಲ್ಲಿ ನೋಟಿಸ್ ಹಾಕಿಸ್ಬೇಕು ಅಂದ್ರು ಅದಕ್ಕೆ ಮತ್ತೆ ಮೂರು ಸಾವಿರದ ಹತ್ತಿರ, ಕೊನೆಗೆ ಹುಟ್ಟಿದ ಊರಿನ ಅಲಭ್ಯ ಪ್ರಮಾಣ ಪತ್ರ (ಅಲ್ಲಿನ ದಾಖಲೆಯಲ್ಲಿ ಈ ಜನನ ಇಲ್ಲ ಅನ್ನೋ ಪತ್ರ) ಇಲ್ಲ ಅಂತ ಅರ್ಜಿ ವಾಪಸ್. ರೈಲಲ್ಲಿ ಸಿಕ್ಕ ಮಗು, ಯಾವ ಊರಲ್ಲಿ ಹುಟ್ಟಿದ್ದು ಅಂತ ಯಾರನ್ನ ಕೇಳೋದು? ಟ್ರಸ್ಟಿನವರು ಇನ್ನು ಇದಕ್ಕೆ ದುಡ್ಡು ಕೊಡಲ್ಲ ಅಂದುಬಿಟ್ರು. ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ 12ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಆದಾಯ ನೋಡದೆ ವಕೀಲರನ್ನ ಕೊಡ್ಬೇಕು, ಕೊಟ್ರು. ಪ್ಯಾನಲ್‌ನಲ್ಲಿದ್ದ ಆ ಮೇಡಂ ಒಂದು ಪೈಸೆ ತಗೊಳ್ದೆ ಆರೇಳು ಕೇಸು ನಡೆಸಿದ್ರು, ಇವತ್ತಿಗೂ ಅವರ ಋಣ ನನ್ನ ಮೇಲಿದೆ.

ದಾರಿ ತೆರೆದಿದ್ದು ಮಾತ್ರ ಮಕ್ಕಳ ಕಲ್ಯಾಣ ಸಮಿತಿ ಆದೇಶದಲ್ಲಿ. ಮುಂಚೆ ಆದೇಶದಲ್ಲಿ 'ವಯಸ್ಸು ಅಂದಾಜು 9 ವರ್ಷ' ಅಂತ ಇರ್ತಿತ್ತು, ನೋಂದಣಾಧಿಕಾರಿ ಅದನ್ನ ನೋಡಿ ಪಕ್ಕಕ್ಕಿಡ್ತಿದ್ರು. ಈಗ ಪೂರ್ತಿ ಹುಟ್ಟಿದ ದಿನಾಂಕ, ಮಗುವಿನ ಹೆಸರು, ಹುಟ್ಟಿದ ಸ್ಥಳ ಅಂತ ಮಗು ಸಿಕ್ಕಿದ ಊರು, ಹೆತ್ತವರು ಪತ್ತೆಯಾಗಿಲ್ಲ ಅನ್ನೋದು, ನೋಂದಣಿ ಮಾಡಿ ಅಂತ ನಿರ್ದೇಶನ, ಇಷ್ಟೂ ಒಂದೇ ಹಾಳೆಯಲ್ಲಿ ಬರೆಸ್ತೀನಿ. ಅಲಭ್ಯ ಪತ್ರನೂ ಆ ಸಿಕ್ಕಿದ ಊರಿಂದಾನೇ.

2023 ಅಕ್ಟೋಬರ್ 1ರಿಂದ 1969ರ ಕಾಯ್ದೆಗೆ ತಿದ್ದುಪಡಿ ಜಾರಿಗೆ ಬಂತಲ್ಲ, ವರ್ಷ ದಾಟಿದ ಕೇಸಿನ ಅಧಿಕಾರ ಕೋರ್ಟಿಂದ ಡಿಸಿ (ಜಿಲ್ಲಾಧಿಕಾರಿ), ಎಸಿ (ಉಪವಿಭಾಗಾಧಿಕಾರಿ) ಕಡೆ ಬಂತು. ಆ ಮಸೂದೆಯ ಉದ್ದೇಶಗಳಲ್ಲೇ ಅನಾಥ, ಪರಿತ್ಯಕ್ತ, ಹೆತ್ತವರೇ ಒಪ್ಪಿಸಿದ ಮಕ್ಕಳ ನೋಂದಣಿ ಸುಲಭ ಮಾಡೋದು ಅಂತ ಬರೆದಿದೆ, ಆ ಪುಟ ಪ್ರಿಂಟ್ ತೆಗೆದು ಹಳದಿ ಹಚ್ಚಿ ಪ್ರತಿ ಅರ್ಜಿ ಮೇಲೆ ಇಡ್ತೀನಿ. ಕಾಲಂ ಖಾಲಿ ಬಿಟ್ರೆ ಸಾಫ್ಟ್‌ವೇರ್ ತಗೊಳಲ್ಲ, ನಿಮ್ಮ ಅಧೀಕ್ಷಕರ ಹೆಸರನ್ನೇ ತಂದೆ ಅಂತ ಹಾಕಿಬಿಡಿ ಅಂತ ಒಂದು ಕಡೆ ಹೇಳಿದ್ರು. ದಯವಿಟ್ಟು ಯಾರೂ ಇದಕ್ಕೆ ಒಪ್ಕೋಬೇಡಿ. ಸಂಬಂಧವೇ ಇಲ್ಲದ ಮನುಷ್ಯನ ಹೆಸರನ್ನ ಆ ಮಗು ಜೀವನಪೂರ್ತಿ ಹೊರಬೇಕಾಗತ್ತೆ, ನಾಳೆ ದತ್ತು ಹೋಗೋವಾಗ ಅದು ಬೇರೆ ತೊಡಕು. ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿಗೆ ಲಿಖಿತವಾಗಿ ಬರೆದು ಲಿಖಿತ ಉತ್ತರಾನೇ ಕೇಳಿದೆ, ಎರಡು ತಿಂಗಳಾದ ಮೇಲೆ ಕಾಲಂ ಖಾಲಿ ಬಿಟ್ಟೇ ಸರ್ಟಿಫಿಕೇಟ್ ಬಂತು. ಈಗ ಒಂದು ಮಗುಗೆ ಛಾಪಾ ಕಾಗದ, ನೋಟರಿ, ಬಸ್ಸು ಎಲ್ಲ ಸೇರಿ ಏಳ್ನೂರು ಎಂಟ್ನೂರು ಒಳಗೆ ಮುಗಿಯತ್ತೆ.

ಹುಟ್ಟಿದ ದಿನಾಂಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಡಾಕ್ಟ್ರು ಮೂಳೆ ಎಕ್ಸ್‌ರೇ ನೋಡಿ 10ರಿಂದ 12 ವರ್ಷ ಅಂತ ಬರೀತಾರೆ, ಆಫೀಸಲ್ಲಿ ಅದನ್ನ 12 ಮಾಡಿ ಜೂನ್ 1 ಅಂತ ಹಾಕಿಬಿಡ್ತಾರೆ. ಆ ಎರಡು ವರ್ಷದಲ್ಲಿ ಏನು ಹೋಗತ್ತೆ ಅಂದ್ರೆ, 18 ತುಂಬಿದ ದಿನ ಮಗು ಸಂಸ್ಥೆ ಬಿಡ್ಬೇಕು, ಅಂದ್ರೆ ಪಿಯುಸಿ ಮಧ್ಯದಲ್ಲಿ ಪೆಟ್ಟಿಗೆ ಕಟ್ಬೇಕು. 2007ರ ಬಾಲನ್ಯಾಯ ನಿಯಮದಲ್ಲಿ ಒಂದು ವರ್ಷದ ಮಟ್ಟಿಗೆ ಕಡಿಮೆ ವಯಸ್ಸು ತಗೊಂಡು ಮಗುಗೆ ಅನುಕೂಲ ಕೊಡಬಹುದು ಅಂತಿತ್ತು, 2015ರ ಕಾಯ್ದೆಯ 94ರಲ್ಲಿ ಆ ಸಾಲು ಇಲ್ಲ. ಅದಕ್ಕೇ ನಾನು ಹಲ್ಲಿನ ಎಕ್ಸ್‌ರೇನೂ ಮಾಡಿಸ್ತೀನಿ, ಹೊರಗೆ ನಾನೂರು ಐನೂರು ಆಗತ್ತೆ, ಎರಡೂ ವರದಿ ಇಟ್ರೆ ಅಂತರ ಕಡಿಮೆ ಆಗಿ ಸಮಿತಿಗೂ ಧೈರ್ಯ ಬರತ್ತೆ. ಆ ಅಂತರದ ಒಳಗೆ ತಾರೀಕನ್ನ ಮಗುವೇ ಆರಿಸ್ಲಿ ಅಂತ ಒಂದ್ಸಲ ಕೇಳ್ಕೊಂಡೆ, ಸಮಿತಿ ಅಧ್ಯಕ್ಷರು ಒಪ್ಪಿದ್ರು. ಒಬ್ಬಳು ತಾನು ಇಲ್ಲಿಗೆ ಬಂದ ತಾರೀಕೇ ಬೇಕು ಅಂದ್ಲು, ಇನ್ನೊಬ್ಬ ಗೆಳೆಯನ ಹುಟ್ಟುಹಬ್ಬದ ಮಾರನೇ ದಿನ ಕೇಳ್ದ. ಇನಿಷಿಯಲ್ ಇಲ್ಲದ ಮಕ್ಕಳಿಗೆ ಸಿಕ್ಕಿದ ಊರಿನ ಅಕ್ಷರ ಇಟ್ವಿ, ಬಳ್ಳಾರಿ ಸ್ಟೇಷನ್ನಲ್ಲಿ ಸಿಕ್ಕವನಿಗೆ 'ಬಿ'. ನಮ್ಮ ಕಡೆ ಊರಿನ ಹೆಸರಿಂದ ಇನಿಷಿಯಲ್ ಇರೋದು ಮಾಮೂಲಿ, ಶಾಲೆಯಲ್ಲಿ ಯಾರೂ ಏನೂ ಕೇಳಲ್ಲ.

ಇನ್ನೊಂದು, ಆಧಾರ್ ಮೊದಲು ಮಾಡ್ಸಬೇಡಿ. ಆಧಾರಲ್ಲಿ ಹುಟ್ಟಿದ ದಿನಾಂಕ ತಿದ್ದೋಕೆ ಸಾಮಾನ್ಯವಾಗಿ ಒಂದೇ ಅವಕಾಶ, ಅವಸರಕ್ಕೆ ಜನವರಿ 1 ಅಂತ ಹಾಕಿಸಿ ಆಮೇಲೆ ಒದ್ದಾಡೋ ಸಂಸ್ಥೆಗಳು ಬಹಳ ಇವೆ. ಸ್ಟೇಷನ್ನಲ್ಲಿ ಸಿಕ್ಕ, ಐದು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಆಧಾರ್ ಮೊದಲು, ಯಾಕಂದ್ರೆ ಮುಂಚೇನೇ ಆಧಾರ್ ಆಗಿದ್ರೆ ಆಗಲೇ ಗೊತ್ತಾಗತ್ತೆ. ಮಾತಾಡಕ್ಕೆ ಬರದ ಒಬ್ಬ ಹುಡುಗನದ್ದು ಮತ್ತೆ ಮತ್ತೆ ರಿಜೆಕ್ಟ್ ಆಗ್ತಿತ್ತು, ಡೂಪ್ಲಿಕೇಟ್ ಇರಬಹುದು ಅಂತ ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿಗೆ ಬರೆದ್ವಿ, ಬೇರೆ ರಾಜ್ಯದಲ್ಲಿ ಮುಂಚೇನೇ ಆಗಿತ್ತು, ಮನೆಯವರು ಸಿಕ್ಕಿದ್ರು. ನಾವು ಅವಸರದಲ್ಲಿ ಹೊಸ ಜನನ ಪತ್ರ ಮಾಡಿಸಿದ್ರೆ ಆ ಹುಡುಗನಿಗೆ ಎರಡೆರಡು ಹುಟ್ಟು ಆಗ್ತಿತ್ತು. 2025ರಲ್ಲಿ ನಾಲ್ಸಾದವರು (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ನಿರ್ಗತಿಕ ಮಕ್ಕಳ ಆಧಾರ್‌ಗೆ ಅಂತ ಸಾಥಿ ಅಭಿಯಾನ ಶುರು ಮಾಡಿದ್ರು, ಈಗಲೂ ಇದೆಯಾ ಅಂತ ನಿಮ್ಮ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಈಗ ಹಿಡಿದಿರೋದು ಕಾಗದ ಇಲ್ಲದೇನೇ 18 ದಾಟಿ ಹೊರಗೆ ಹೋದವರ ಕೇಸು. ಇಬ್ಬರದ್ದು ಎಸಿ ಆಫೀಸಲ್ಲಿ ಸ್ವೀಕಾರ ಆಗಿದೆ, ಸಾಕ್ಷಿ ಅಂತ ಇರೋದು ಆಗಿನ ಅಡ್ಮಿಷನ್ ರಿಜಿಸ್ಟರ್‌ನ ಒಂದೊಂದು ಪುಟ ಮಾತ್ರ. ನಿಮ್ಮ ಸಂಸ್ಥೆಯ ಹಳೇ ರಿಜಿಸ್ಟರ್‌ಗಳನ್ನ ರದ್ದಿಗೆ ಹಾಕೋ ಮುಂಚೆ ಪುಟಪುಟಾನೂ ಸ್ಕ್ಯಾನ್ ಮಾಡಿಟ್ಕೊಳ್ಳಿ, ಯಾರದ್ದು ಯಾವಾಗ ಬೇಕಾಗತ್ತೋ ಗೊತ್ತಾಗಲ್ಲ.