ಹಾರ್ಡ್ ಡಿಸ್ಕ್ ಸುಮ್ಮನೆ ಕರಕರ ಎನ್ನುತ್ತಿದೆಯೇ? ಕೆಲಸ ಕೊಟ್ಟವರನ್ನು ಹಿಡಿಯುವ ಬಗೆ

ಕಂಪ್ಯೂಟರಿನಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ. ಆದರೂ ಕ್ಯಾಬಿನೆಟ್ಟಿನ ದೀಪ ಮಿಣುಕುತ್ತಲೇ ಇದೆ, ಒಳಗಿನ ಡಿಸ್ಕ್ ಕರಕರ ಎನ್ನುತ್ತಲೇ ಇದೆ. ಇಂಥ ಹೊತ್ತಿನಲ್ಲಿ ವೈರಸ್ ಎಂದು ಗಾಬರಿಯಾಗುವವರು ಕೆಲವರು, ಎಲ್ಲೋ ಓದಿದ ನೆನಪಿನ ಮೇಲೆ ಒಂದೆರಡು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಬಂದ್ ಮಾಡುವವರು ಇನ್ನು ಕೆಲವರು. ಅದಕ್ಕೂ ಮೊದಲು ಗೊತ್ತಾಗಬೇಕಾದದ್ದು ಮೂರು: ಯಾವ ಡಿಸ್ಕು, ಯಾವ ಪ್ರೋಗ್ರಾಮು, ಯಾವ ಫೈಲು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರೋಗ್ರಾಮಿನ ಹೆಸರು ಅರ್ಧ ಸುಳಿವು ಕೊಟ್ಟರೆ, ಫೈಲಿನ ಹೆಸರು ಸಿಕ್ಕಾಗ ಕಾರಣ ಹೆಚ್ಚೂಕಡಿಮೆ ಸಿಕ್ಕಂತೆಯೇ.

ಇಲ್ಲಿನ ಹಂತಗಳು ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ. ಲಿನಕ್ಸ್, ಮ್ಯಾಕ್ ಬಳಸುವವರಿಗೆ ಬೇಕಾದದ್ದು ಕೊನೆಯ ಭಾಗಕ್ಕೆ ಮುಂಚೆ ಇದೆ.

ಮೊದಲು ಟಾಸ್ಕ್ ಮ್ಯಾನೇಜರ್

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆದ ಕಿಟಕಿಯಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ಪ್ರತಿ ಡಿಸ್ಕಿಗೂ ಅಲ್ಲಿ ಒಂದೊಂದು ನಕ್ಷೆ ಇರುತ್ತದೆ. ಡಿಸ್ಕ್ 0, ಡಿಸ್ಕ್ 1 ಎಂಬ ಹೆಸರಿನ ಜೊತೆ ಅದರಲ್ಲಿರುವ ಡ್ರೈವ್ ಅಕ್ಷರಗಳೂ ಕಾಣುತ್ತವೆ. ಎರಡು ಮೂರು ಡಿಸ್ಕ್ ಇರುವ ಯಂತ್ರದಲ್ಲಿ ಈ ಹಂತ ಬಿಡಬೇಡಿ. ಕ್ಯಾಬಿನೆಟ್ಟಿನ ದೀಪವನ್ನು ನಂಬಿ ಕೂತರೆ ಯಾವ ಡಿಸ್ಕ್ ಓಡುತ್ತಿದೆ ಎಂಬುದು ತಿಳಿಯುವುದಿಲ್ಲ, ಎಲ್ಲಕ್ಕೂ ಸೇರಿ ದೀಪ ಒಂದೇ.

ಇಲ್ಲಿ ನೋಡಬೇಕಾದ ಅಂಕಿಗಳು ಆ್ಯಕ್ಟಿವ್ ಟೈಮ್, ಆವರೇಜ್ ರೆಸ್ಪಾನ್ಸ್ ಟೈಮ್, ಓದುವ ಮತ್ತು ಬರೆಯುವ ವೇಗ. ಆ್ಯಕ್ಟಿವ್ ಟೈಮ್ 100% ಎಂದರೆ ಡಿಸ್ಕ್ ಪೂರ್ತಿ ವೇಗದಲ್ಲಿದೆ ಎಂದಲ್ಲ, ಒಂದು ಕ್ಷಣವೂ ಬಿಡುವಿಲ್ಲ ಎಂದಷ್ಟೇ. ಆ್ಯಕ್ಟಿವ್ ಟೈಮ್ 100% ಇದ್ದು ವೇಗ ಸೆಕೆಂಡಿಗೆ 1 ಎಂಬಿಯೂ ದಾಟದಿರುವುದು ಮಾಮೂಲು ಸಂಗತಿ. ಕಾರಣ ಡಿಸ್ಕಿನ ರಚನೆಯಲ್ಲೇ ಇದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದಿ ಬರೆಯುವ ತಲೆಯ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಅತ್ತಿತ್ತ ಸರಿಯುವ ಹೊತ್ತು ಬೇರೆ. ಹಾಗಾಗಿ ಚೆಲ್ಲಾಪಿಲ್ಲಿಯಾದ ಸಣ್ಣ ಫೈಲುಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸಿನ ಬೇಡಿಕೆಗಳಿಗೇ ಡಿಸ್ಕ್ ಸುಸ್ತಾಗುತ್ತದೆ. ಒಂದೊಂದೂ 4 ಕೆಬಿ ಆದರೆ ಒಟ್ಟು 400 ಕೆಬಿ, ಅಷ್ಟೇ. ಕರಕರ ಸದ್ದು ಹುಟ್ಟುವುದೂ ಈ ಅತ್ತಿತ್ತ ಓಡಾಟದಿಂದಲೇ. ದೊಡ್ಡ ಫೈಲೊಂದನ್ನು ಸಾಲಾಗಿ ನಕಲು ಮಾಡುವಾಗ ಸದ್ದು ಕಡಿಮೆ.

ರೆಸ್ಪಾನ್ಸ್ ಟೈಮ್ ಹತ್ತಿಪ್ಪತ್ತು ಮಿಲಿಸೆಕೆಂಡ್ ಇದ್ದರೆ ಆರೋಗ್ಯಕರ. ಭಾರೀ ಕೆಲಸದ ನಡುವೆ ನೂರು ದಾಟಿದರೂ ಹೆದರಬೇಕಿಲ್ಲ. ಕೆಲಸವೇ ಇಲ್ಲದಾಗ ಸಾವಿರಗಟ್ಟಲೆ ಮಿಲಿಸೆಕೆಂಡ್ ತೋರಿಸಿದರೆ ಪ್ರೋಗ್ರಾಮುಗಳ ಬೆನ್ನು ಹತ್ತುವುದು ಬಿಟ್ಟು ನೇರ ಕೊನೆಯ ಭಾಗಕ್ಕೆ ಹೋಗಿ. ಅದು ಡಿಸ್ಕಿನ ಕಾಯಿಲೆ ಇರಬಹುದು.

ರಿಸೋರ್ಸ್ ಮಾನಿಟರ್: ಫೈಲ್ ಹಿಡಿಯುವ ಜಾಗ

ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆಯಿರಿ. ಡಿಸ್ಕ್ ವಿಭಾಗದ ಎರಡನೆಯ ಪಟ್ಟಿ, ಡಿಸ್ಕ್ ಆ್ಯಕ್ಟಿವಿಟಿ, ನಮಗೆ ಬೇಕಾದದ್ದು. ಯಾವ ಪ್ರೋಗ್ರಾಮ್ ಯಾವ ಫೈಲನ್ನು ಎಷ್ಟು ಓದುತ್ತಿದೆ, ಎಷ್ಟು ಬರೆಯುತ್ತಿದೆ ಎಂಬುದು ಪೂರ್ತಿ ವಿಳಾಸದೊಂದಿಗೆ ಅಲ್ಲಿದೆ. ಟೋಟಲ್ ಎಂಬ ತಲೆಬರಹದ ಮೇಲೆ ಒತ್ತಿದರೆ ಹೆಚ್ಚು ಓಡಾಡುವವು ಮೇಲೆ ಬರುತ್ತವೆ. ಅಂಕಿಗಳು ಕಳೆದ ಒಂದು ನಿಮಿಷದ ಸರಾಸರಿ, ಆದ್ದರಿಂದ ತೆರೆದ ತಕ್ಷಣ ತೀರ್ಮಾನ ಬೇಡ.

ಬಹಳಷ್ಟು ಜನ ಎಡವುವುದು ಇಲ್ಲಿ: ನೋಡಲು ಹೋದ ಕೂಡಲೇ ಸದ್ದು ನಿಂತುಬಿಡುತ್ತದೆ. ವಿಂಡೋಸಿನ ಆಟೋಮ್ಯಾಟಿಕ್ ಮೇಂಟೆನೆನ್ಸ್ ಯಂತ್ರ ಖಾಲಿ ಇದ್ದಾಗ ಓಡಿ, ಮೌಸ್ ಅಲುಗಿದರೆ ಹಿಂದೆ ಸರಿಯುವಂತೆ ರೂಪಿಸಿದ್ದು. ಅದರ ನಿಗದಿತ ಹೊತ್ತು ಬೆಳಗಿನ ಜಾವ 2 ಗಂಟೆ. ಆಗ ಯಂತ್ರ ಆಫ್ ಇದ್ದರೆ ಮುಂದೆ ಬಿಡುವು ಸಿಕ್ಕಾಗ ಶುರುವಾಗುತ್ತದೆ. ಹಾಗಾಗಿ ರಿಸೋರ್ಸ್ ಮಾನಿಟರನ್ನು ತೆರೆದು, ಪಟ್ಟಿ ದೊಡ್ಡದಾಗಿ ಕಾಣುವಂತೆ ಎಳೆದು, ಪರದೆ ಆರದಂತೆ ಪವರ್ ಸೆಟ್ಟಿಂಗ್ ಬದಲಿಸಿ, ಎದ್ದು ಹೋಗಿ. ಸದ್ದು ಶುರುವಾದ ಮೇಲೆ ಬಂದು, ಏನನ್ನೂ ಮುಟ್ಟದೆ ಫೋನಿನಲ್ಲಿ ಪರದೆಯ ಫೋಟೊ ತೆಗೆದುಕೊಳ್ಳಿ. ಮೌಸ್ ಮುಟ್ಟಿದ ಕೂಡಲೇ ನಿಲ್ಲುವ ಚಟುವಟಿಕೆ ಬಹುತೇಕ ಮೇಂಟೆನೆನ್ಸಿನದೇ. ಖಚಿತ ಮಾಡಿಕೊಳ್ಳಲು ಟಾಸ್ಕ್ ಶೆಡ್ಯೂಲರ್ ತೆರೆದು, ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗಿನ ಡಿಫ್ರಾಗ್, ವಿಂಡೋಸ್ ಡಿಫೆಂಡರ್ ಮುಂತಾದ ಫೋಲ್ಡರುಗಳಲ್ಲಿ ಲಾಸ್ಟ್ ರನ್ ಟೈಮ್ ನೋಡಿ. ನಿಮ್ಮ ಫೋಟೊದ ಹೊತ್ತಿಗೆ ತಾಳೆಯಾದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಅದನ್ನು ಬಂದ್ ಮಾಡದೆ ಒಂದು ರಾತ್ರಿ ಯಂತ್ರವನ್ನು ಆನ್ ಇಟ್ಟು ಕೆಲಸ ಮುಗಿಸಿಕೊಳ್ಳಲು ಬಿಡುವುದೇ ಸರಿ.

ಸಿಕ್ಕ ಹೆಸರಿನ ಅರ್ಥ

ಸರ್ವಿಸ್ ಹೋಸ್ಟ್ ಎಂದು ಕಂಡರೆ ಅದು ಬರೀ ಹೊದಿಕೆ. ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಪಕ್ಕದ ಬಾಣ ಒತ್ತಿದರೆ ಒಳಗಿನ ಸರ್ವಿಸ್ ಯಾವುದೆಂದು ಕಾಣುತ್ತದೆ. ಅದು ಸಿಸ್‌ಮೇನ್ ಆಗಿದ್ದರೆ (ಹಿಂದೆ ಸೂಪರ್‌ಫೆಚ್ ಎನ್ನುತ್ತಿದ್ದರು) ನೀವು ಪದೇಪದೇ ಬಳಸುವ ಪ್ರೋಗ್ರಾಮುಗಳನ್ನು ಮೊದಲೇ ಮೆಮೊರಿಗೆ ತಂದಿಡುತ್ತಿದೆ. ಯಂತ್ರ ಆನ್ ಆದ ಮೇಲೆ ಕೆಲವು ನಿಮಿಷ ಇದು ಸಹಜ. ಗಂಟೆಗಟ್ಟಲೆ ನಿಲ್ಲದಿದ್ದರೆ ಸರ್ವಿಸಸ್ ಕಿಟಕಿಯಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಮತ್ತೆ ಶುರು ಮಾಡಿಬಿಡಿ.

ಸರ್ಚ್ ಇಂಡೆಕ್ಸರ್ (ಬೇಗ ಹುಡುಕಲು ಫೈಲುಗಳ ಪಟ್ಟಿ ಮಾಡಿಡುವಂಥದ್ದು) ಕಂಡರೆ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆಯಿರಿ, ಕೆಲಸ ಮುಗಿದಿದೆಯೇ ಇನ್ನೂ ನಡೆದಿದೆಯೇ ಎಂದು ಅದೇ ಹೇಳುತ್ತದೆ. ದಿನಗಟ್ಟಲೆ ಮುಗಿಯದಿದ್ದರೆ ಸದಾ ಬದಲಾಗುತ್ತಿರುವ ಫೋಲ್ಡರೊಂದು ಅದರ ಪಟ್ಟಿಯಲ್ಲಿದೆ ಎಂದರ್ಥ. ಮಾಡಿಫೈ ಒತ್ತಿ ಅದನ್ನು ಹೊರಗಿಡಿ. ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್ ಅಪ್‌ಡೇಟಿನ ಕೆಲಸಗಾರ. ನಡುವೆ ಅದನ್ನು ಬಲವಂತವಾಗಿ ನಿಲ್ಲಿಸಬೇಡಿ, ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮುಂದಿನ ತಲೆನೋವು ದೊಡ್ಡದು. ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂದರೆ ಡಿಫೆಂಡರ್, ವಿಂಡೋಸಿನದೇ ಆಂಟಿವೈರಸ್. ಅದು ಸದಾ ಒಂದೇ ಫೋಲ್ಡರಿನ ಫೈಲುಗಳನ್ನು ಓದುತ್ತಿದ್ದರೆ ನಿಜವಾದ ಕಾರಣ ಡಿಫೆಂಡರ್ ಆಗಿರಲಾರದು. ಬೇರೊಂದು ಪ್ರೋಗ್ರಾಮ್ ಆ ಫೈಲುಗಳನ್ನು ಮುಟ್ಟುತ್ತಿರುತ್ತದೆ, ಡಿಫೆಂಡರ್ ಹಿಂದೆ ಹಿಂದೆಯೇ ಪರೀಕ್ಷಿಸುತ್ತಿರುತ್ತದೆ. ಪಟ್ಟಿಯಲ್ಲಿ ಅದೇ ಫೈಲಿನ ಎದುರು ಇನ್ನಾರ ಹೆಸರಿದೆ ನೋಡಿ.

ಇನ್ನು ಸಿಸ್ಟಮ್. ಇದರ ಪಿಐಡಿ (ಓಡುತ್ತಿರುವ ಪ್ರೋಗ್ರಾಮಿಗೆ ವಿಂಡೋಸ್ ಕೊಡುವ ಸಂಖ್ಯೆ) ಯಾವಾಗಲೂ 4, ಇದನ್ನು ನಿಲ್ಲಿಸಲು ಬರುವುದಿಲ್ಲ. ಇತರರು ಒಪ್ಪಿಸಿದ ಬರವಣಿಗೆಯನ್ನು ಕೊನೆಗೆ ಡಿಸ್ಕಿಗೆ ಮುಟ್ಟಿಸುವುದು ಹೆಚ್ಚಾಗಿ ಇದೇ ಆದ್ದರಿಂದ, ಇಲ್ಲಿ ಫೈಲಿನ ಹೆಸರಿಲ್ಲದೆ ಹೆಜ್ಜೆ ಮುಂದಿಡಲಾಗದು. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಫೈಲು) ಎಡೆಬಿಡದೆ ಓಡುತ್ತಿದ್ದರೆ ಡಿಸ್ಕಿನ ಮೇಲೆ ತಪ್ಪು ಹೊರಿಸಬೇಡಿ, ಸಾಲದಿರುವುದು ರ್‍ಯಾಮ್. ರಿಸೋರ್ಸ್ ಮಾನಿಟರಿನ ಮೆಮೊರಿ ವಿಭಾಗದಲ್ಲಿ ಹಾರ್ಡ್ ಫಾಲ್ಟ್ಸ್ (ಮೆಮೊರಿಯಲ್ಲಿ ಸಿಗದೆ ಡಿಸ್ಕಿನಿಂದ ತರಬೇಕಾದ ಸಲಗಳು) ಆಗಾಗ ನೂರಾರಕ್ಕೆ ಜಿಗಿಯುತ್ತಿದ್ದರೆ ಅದೇ ಸಾಕ್ಷಿ. ಮೆಮೊರಿ ನುಂಗುತ್ತಿರುವ ಪ್ರೋಗ್ರಾಮನ್ನು ಮುಚ್ಚಿ ನೋಡಿ, ನಿಲ್ಲದಿದ್ದರೆ ರ್‍ಯಾಮ್ ಹೆಚ್ಚಿಸಿ. ಪೇಜ್‌ಫೈಲನ್ನೇ ತೆಗೆದುಹಾಕುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಹಾಗೆ ಮಾಡಿದರೆ ಮೆಮೊರಿ ತುಂಬಿದ ಕ್ಷಣ ಪ್ರೋಗ್ರಾಮುಗಳು ಉಳಿಸದ ಕೆಲಸದ ಸಮೇತ ಬೀಳುತ್ತವೆ.

ಫೈಲಿನ ಹೆಸರಿನ ಕೊನೆಯಲ್ಲಿ ಲಾಗ್ ಎಂದಿದ್ದು ಅದು ಬೆಳೆಯುತ್ತಲೇ ಇದ್ದರೆ ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಯ ಸಾಲುಗಳನ್ನು ಓದಿ. ಒಂದೇ ದೋಷ ಸಾಲುಸಾಲಾಗಿ ಕಾಣಬಹುದು. ಸಿಗದ ಪ್ರಿಂಟರನ್ನೋ ತೆಗೆದುಹಾಕಿದ ನೆಟ್‌ವರ್ಕ್ ಡ್ರೈವನ್ನೋ ಹುಡುಕುತ್ತಾ, ಸಿಗದ ಪ್ರತಿಸಲವೂ ಒಂದು ಸಾಲು ಬರೆಯುತ್ತಿರುವ ಪ್ರೋಗ್ರಾಮ್ ಅದು.

ಗುರುತಿಲ್ಲದ ಹೆಸರು ಕಂಡರೆ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಆರಿಸಿ, ಪ್ರಾಪರ್ಟೀಸಿನಲ್ಲಿ ಡಿಜಿಟಲ್ ಸಿಗ್ನೇಚರ್ ಇದೆಯೇ ನೋಡಿ. ಸರ್ವಿಸ್ ಹೋಸ್ಟ್ ಎಂಬ ಹೆಸರಿನದು ಸಿಸ್ಟಮ್32 ಬಿಟ್ಟು ಟೆಂಪ್ ಫೋಲ್ಡರಿನಲ್ಲಿ ಕೂತಿದ್ದರೆ ಅನುಮಾನಿಸಲೇಬೇಕು. ನಿಮ್ಮ ದಾಖಲೆ, ಫೋಟೊಗಳನ್ನು ಒಂದಾದ ಮೇಲೊಂದರಂತೆ ಓದಿ ಬರೆಯುತ್ತಿದ್ದು, ಫೈಲುಗಳ ಹೆಸರಿನ ಬಾಲ ಬದಲಾಗುತ್ತಿದ್ದರೆ ಕಾಯಬೇಡಿ: ನೆಟ್‌ವರ್ಕ್ ಕೇಬಲ್, ಹೊರಗಿನ ಡ್ರೈವ್‌ಗಳನ್ನು ಕಿತ್ತು ಯಂತ್ರವನ್ನು ಆಫ್ ಮಾಡಿ. ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ನಡೆದುಕೊಳ್ಳುವುದೇ ಹೀಗೆ.

ಇಷ್ಟಕ್ಕೂ ಸಿಗದಿದ್ದರೆ

ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿರುವ ಪ್ರೋಸೆಸ್ ಮಾನಿಟರ್ ಉಚಿತ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕೂಡಲೇ ಪ್ರೋಗ್ರಾಮುಗಳ ಒಂದೊಂದು ಚಟುವಟಿಕೆಯನ್ನೂ ದಾಖಲಿಸಲು ಶುರುಮಾಡುತ್ತದೆ. ಮೇಲಿನ ಗುಂಡಿಗಳಲ್ಲಿ ರಿಜಿಸ್ಟ್ರಿ, ನೆಟ್‌ವರ್ಕ್, ಪ್ರೋಸೆಸ್ ಮೂರನ್ನೂ ಆಫ್ ಮಾಡಿ ಫೈಲ್ ಸಿಸ್ಟಮ್ ಒಂದನ್ನೇ ಉಳಿಸಿಕೊಳ್ಳಿ. ಸದ್ದು ಇರುವಾಗ ಎರಡು ಮೂರು ನಿಮಿಷ ದಾಖಲಿಸಿ, ಕಂಟ್ರೋಲ್ ಮತ್ತು ಇ ಒತ್ತಿ ನಿಲ್ಲಿಸಿ. ಲಕ್ಷಗಟ್ಟಲೆ ಸಾಲು ಇರುತ್ತವೆ, ಓದಲು ಕೂರಬೇಡಿ. ಟೂಲ್ಸ್ ಮೆನುವಿನ ಫೈಲ್ ಸಮ್ಮರಿ ತೆರೆದು ರೀಡ್ ಬೈಟ್ಸ್, ರೈಟ್ ಬೈಟ್ಸ್ ಪ್ರಕಾರ ಜೋಡಿಸಿದರೆ ಸಾಕು. ಎರಡು ಎಚ್ಚರಿಕೆ: ಕ್ಯಾಶ್‌ನಿಂದ (ಮೆಮೊರಿಯಲ್ಲಿರುವ ನಕಲಿನಿಂದ) ಓದಿದ್ದೂ ಇಲ್ಲಿ ಎಣಿಕೆಗೆ ಬರುತ್ತದೆ, ಹಾಗಾಗಿ ದೊಡ್ಡ ಅಂಕಿ ಕಂಡ ಮಾತ್ರಕ್ಕೆ ಡಿಸ್ಕ್ ಅಷ್ಟು ಓಡಿತೆಂದಲ್ಲ. ಮತ್ತೆ, ಸಿಸ್ಟಮ್ ಮತ್ತು ಪೇಜ್‌ಫೈಲ್ ಚಟುವಟಿಕೆಯನ್ನು ಇದು ತಾನಾಗಿಯೇ ಮುಚ್ಚಿಡುತ್ತದೆ. ಫಿಲ್ಟರ್ ಮೆನುವಿನಲ್ಲಿ ಎನೇಬಲ್ ಅಡ್ವಾನ್ಸ್‌ಡ್ ಔಟ್‌ಪುಟ್ ಒತ್ತಿದ ಮೇಲೆಯೇ ಕಾಣುವುದು. ರಾತ್ರಿಯಿಡೀ ದಾಖಲಿಸುವುದಾದರೆ ಫೈಲ್ ಮೆನುವಿನ ಬ್ಯಾಕಿಂಗ್ ಫೈಲ್ಸ್ ಮೂಲಕ ಬೇರೆ ಡಿಸ್ಕಿಗೆ ಬರೆಸಿ. ಇಲ್ಲವಾದರೆ ಹುಡುಕುವ ಸಾಧನವೇ ಹೊಸ ಸದ್ದಿಗೆ ಕಾರಣವಾದೀತು.

ಲಿನಕ್ಸಿನಲ್ಲಿ ಐಒಟಾಪ್ ಅನ್ನು ರೂಟ್ ಅಧಿಕಾರದಲ್ಲಿ ಓಡಿಸಿದರೆ ಪ್ರೋಗ್ರಾಮ್, ಫ್ಯಾಟ್‌ರೇಸ್ ಓಡಿಸಿದರೆ ಫೈಲ್ ತಿಳಿಯುತ್ತದೆ. ಹೊಸದಾಗಿ ಇಎಕ್ಸ್‌ಟಿ4 ಮಾದರಿಗೆ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಮೊದಲಲ್ಲಿ ತಾನಾಗಿ ಬರೆದುಕೊಳ್ಳುತ್ತಿದ್ದರೆ ಅದು ಫಾರ್ಮ್ಯಾಟಿನ ಉಳಿದ ಕೆಲಸ, ಮುಗಿದಾಗ ನಿಲ್ಲುತ್ತದೆ. ಮ್ಯಾಕಿನಲ್ಲಿ ಆ್ಯಕ್ಟಿವಿಟಿ ಮಾನಿಟರಿನ ಡಿಸ್ಕ್ ವಿಭಾಗ ನೋಡಿ. ಎಂಡಿಎಸ್, ಎಂಡಿವರ್ಕರ್ ಎಂದರೆ ಸ್ಪಾಟ್‌ಲೈಟ್, ಬ್ಯಾಕಪ್‌ಡಿ ಎಂದರೆ ಟೈಮ್ ಮಷೀನ್.

ಯಾವ ಪ್ರೋಗ್ರಾಮಿನದೂ ಅಲ್ಲದ ಸದ್ದು

ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 0% ಇದ್ದೂ ಸದ್ದು ಬರುತ್ತಿದ್ದರೆ ಯಂತ್ರವನ್ನು ರಿಸ್ಟಾರ್ಟ್ ಮಾಡಿ ಬಯಾಸ್ ಸೆಟಪ್ ಪರದೆಯಲ್ಲಿ ನಿಲ್ಲಿಸಿ, ಹತ್ತು ನಿಮಿಷ ಕಿವಿಗೊಡಿ. ಅಲ್ಲಿ ವಿಂಡೋಸೂ ಇಲ್ಲ, ಪ್ರೋಗ್ರಾಮುಗಳೂ ಇಲ್ಲ. ಆಗಲೂ ಸದ್ದಿದ್ದರೆ ಡಿಸ್ಕ್ ತನ್ನದೇ ಕೆಲಸ ಮಾಡಿಕೊಳ್ಳುತ್ತಿದೆ. ಎಸ್‌ಎಂಆರ್ ಬಗೆಯ (ಹೆಚ್ಚು ಹಿಡಿಸಲು ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಚಾಚುವಂತೆ ಬರೆಯುವ) ಡಿಸ್ಕುಗಳು ಬಹಳಷ್ಟು ಬರೆದಾದ ಮೇಲೆ, ತಾತ್ಕಾಲಿಕ ಜಾಗದಲ್ಲಿಟ್ಟದ್ದನ್ನು ಬಿಡುವಿನಲ್ಲಿ ಸರಿಯಾದ ಜಾಗಕ್ಕೆ ಸಾಗಿಸುತ್ತವೆ. ಸದ್ದು ತಾನಾಗಿ ತಗ್ಗಿದರೆ ಚಿಂತೆ ಬೇಡ.

ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದು, ನಡುವೆ ಯಂತ್ರ ಕೆಲವು ಸೆಕೆಂಡ್ ಕಲ್ಲಾಗಿ ನಿಲ್ಲುತ್ತಿದ್ದರೆ ಕತೆಯೇ ಬೇರೆ. ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ 7 (ಕೆಟ್ಟ ಬ್ಲಾಕ್), 153 (ಬೇಡಿಕೆಯನ್ನು ಮರಳಿ ಕಳಿಸಬೇಕಾಯಿತು), 129 (ಡಿಸ್ಕನ್ನು ರೀಸೆಟ್ ಮಾಡಬೇಕಾಯಿತು) ಎಂಬ ಸಂಖ್ಯೆಗಳನ್ನು ಹುಡುಕಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ತಂತ್ರಾಂಶದಲ್ಲಿ ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ: 05 ಕೆಟ್ಟದ್ದರಿಂದ ಬದಲಿಸಿದ ಸೆಕ್ಟರುಗಳು (ಡಿಸ್ಕಿನ ಸಣ್ಣ ತುಣುಕುಗಳು), ಸಿ5 ಓದಲಾಗದೆ ಬಾಕಿ ಉಳಿದವು. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ, ಅದರಲ್ಲೂ ಏರುತ್ತಿದ್ದರೆ, ಮೊದಲು ಬ್ಯಾಕಪ್. ಚೆಕ್‌ಡಿಸ್ಕ್ ಆಮೇಲೆ, ಇಡೀ ತಟ್ಟೆಯನ್ನು ಓದಿಸುವ ಅದರ ಪೂರ್ತಿ ಪರೀಕ್ಷೆಯೇ ಸೋತ ಡಿಸ್ಕಿಗೆ ಕೊನೆಯ ಪೆಟ್ಟಾಗಬಹುದು. 05, ಸಿ5 ಎರಡೂ ಸೊನ್ನೆ ಇದ್ದು ಸಿ7 (ಡಿಸ್ಕಿಗೂ ಯಂತ್ರಕ್ಕೂ ನಡುವಿನ ಸಾಗಣೆಯಲ್ಲಾದ ದೋಷಗಳು) ಮಾತ್ರ ಏರುತ್ತಿದ್ದರೆ ಹೆಚ್ಚಿನ ಸಲ ದೋಷ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನದು. ಯಂತ್ರ ಆಫ್ ಮಾಡಿ ಕೇಬಲ್ ಬದಲಿಸಿ. ಹಳೆಯ ಎಣಿಕೆ ಇಳಿಯುವುದಿಲ್ಲ. ಒಂದು ವಾರದ ಬಳಕೆಯ ನಂತರವೂ ಅಲ್ಲೇ ನಿಂತಿದ್ದರೆ ಕೇಬಲಿನದೇ ತಪ್ಪಿತ್ತೆಂದು ಲೆಕ್ಕ.